15ರಿಂದ 8 ಸಂದು ಚುಕ್ಕಿ ಹಾಳೆ: ಇಂಕ್‌ಸ್ಕೇಪಿನಲ್ಲಿ ಒಂದೇ ಚುಕ್ಕಿಯಿಂದ ಪೂರ್ತಿ ಹಾಳೆ ಮಾಡೋದು ಹೇಗೆ?

ಹೊಸ್ತಿಲು ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಮಕ್ಕಳಿಗೆ ಸಂಕ್ರಾಂತಿಗೆ ಮುಂಚೆ ಚುಕ್ಕಿ ರಂಗೋಲಿ ಹೇಳಿಕೊಡಬೇಕು ಅಂತಿದ್ದೇನೆ. ನೆಲಕ್ಕೆ ಇಳಿಯುವ ಮುಂಚೆ ಹಾಳೆಯಲ್ಲಿ ಕೈ ಕೂರಲಿ. ಅದಕ್ಕೆ ಬರೀ ಚುಕ್ಕಿ ಇರುವ ಎ4 ಹಾಳೆ ಬೇಕು, ಗೆರೆ ಮಕ್ಕಳೇ ಎಳೆಯುತ್ತಾರೆ. ಎರಡು ಬಗೆ ಬೇಕಾಗಿದೆ: 15ರಿಂದ 1ರವರೆಗೆ ನೇರ ಚುಕ್ಕಿ, 15ರಿಂದ 8ರವರೆಗೆ ಸಂದು ಚುಕ್ಕಿ.

ಲ್ಯಾಪ್‌ಟಾಪಿನಲ್ಲಿ ಚಿತ್ರ ಬರೆಯುವ ತಂತ್ರಾಂಶ ಇಂಕ್‌ಸ್ಕೇಪ್ 1.3 ಇದೆ. ಒಂದು ಚುಕ್ಕಿ ಬರೆದು, ಕಂಟ್ರೋಲ್ ಡಿ ಒತ್ತಿ, ಎಳೆದು ಕೂರಿಸುವಷ್ಟು ಗೊತ್ತು. ಆದರೆ ಸಂದು ಚುಕ್ಕಿಯಲ್ಲಿ ನಡುವೆ 15, ಅದರ ಮೇಲೂ ಕೆಳಗೂ 14, 13, 12 ಹೀಗೆ 8ರವರೆಗೆ ಬರುತ್ತೆ. ಒಟ್ಟು 169 ಚುಕ್ಕಿ. ಒಂದೊಂದಾಗಿ ಎಳೆದರೆ ಸಾಲು ನೆಟ್ಟಗೆ ನಿಲ್ಲಲ್ಲ. ಅಂಗಡಿಯ ಪುಸ್ತಕದಿಂದ ಝೆರಾಕ್ಸ್ ಮಾಡಿದ ಹಾಳೆಗಳೂ ನೋಡಿದೆ, ಚುಕ್ಕಿಗಳು ಒಂದು ಕಡೆ ಒತ್ತಾಗಿ ಒಂದು ಕಡೆ ಬಿಡಿಯಾಗಿವೆ. ಮಕ್ಕಳು ಬಳ್ಳಿ ಸುತ್ತುವಾಗ ಅದು ಎದ್ದು ಕಾಣುತ್ತೆ. ಒಮ್ಮೆಗೇ ಸಾಲು ಸಾಲಾಗಿ ಕೂರಿಸುವ ದಾರಿ ಇದೆಯಾ?

ನೇರಗೆರೆ ಬರೆದಿದ್ದಾರೆ:

ಇದೆ ಅಕ್ಕಾ, ತುಂಬಾ ಚೆನ್ನಾಗಿದೆ. ಚುಕ್ಕಿ ರಂಗೋಲಿಗೆ ಹೇಳಿ ಮಾಡಿಸಿದ ಹಾಗಿದೆ. ‘ಎಡಿಟ್’ ಮೆನುವಿನಲ್ಲಿ ‘ಕ್ಲೋನ್’, ಅದರೊಳಗೆ ‘ಕ್ರಿಯೇಟ್ ಟೈಲ್ಡ್ ಕ್ಲೋನ್ಸ್’. ಎಷ್ಟು ಅಡ್ಡಸಾಲು, ಎಷ್ಟು ಕಂಬಸಾಲು ಅಂತ ಕೇಳುತ್ತೆ. ಸಿಮೆಟ್ರಿ ಅನ್ನುವ ಕಡೆ ‘ಪಿ1’ ಇರಲಿ, ಅಂದರೆ ಸುಮ್ನೆ ಪಕ್ಕಪಕ್ಕಕ್ಕೆ ಇಡೋದು.

ಆದರೆ ಚುಕ್ಕಿಯನ್ನೇ ಆರಿಸಿಕೊಂಡು ‘ಕ್ರಿಯೇಟ್’ ಒತ್ತಬೇಡಿ. ಇಂಕ್‌ಸ್ಕೇಪ್ ವಸ್ತುವಿನ ಅಳತೆಯನ್ನೇ ಒಂದು ಹೆಜ್ಜೆ ಅಂತ ತಗೊಳ್ಳುತ್ತೆ. 2 ಮಿ.ಮೀ. ಚುಕ್ಕಿಯಾದರೆ ಮುಂದಿನದು 2 ಮಿ.ಮೀ. ದೂರದಲ್ಲಿ ಕೂರುತ್ತೆ. ಚುಕ್ಕಿಗೆ ಚುಕ್ಕಿ ಅಂಟಿಕೊಂಡು ಸರದ ಹಾಗೆ ಬರುತ್ತೆ. ‘ಶಿಫ್ಟ್’ ಟ್ಯಾಬಿನಲ್ಲಿ ಅಂತರ ಕೊಡಬಹುದು ನಿಜ, ಅದನ್ನು ಚುಕ್ಕಿಯ ಅಗಲದ ಶೇಕಡಾ ಲೆಕ್ಕದಲ್ಲಿ ಬರೀಬೇಕು. 10 ಮಿ.ಮೀ. ಹೆಜ್ಜೆಗೆ 400%. ನಾಳೆ ಚುಕ್ಕಿ ಸ್ವಲ್ಪ ದಪ್ಪ ಮಾಡಿ ಮತ್ತೆ ‘ಕ್ರಿಯೇಟ್’ ಒತ್ತಿದರೆ ಲೆಕ್ಕ ಪೂರ್ತಿ ಬದಲಾಯಿತು.

ಅದರ ಬದಲು ಚುಕ್ಕಿಗೆ ಮೊದಲು ಒಂದು ಮನೆ ಕಟ್ಟಿ. ನೇರ ಚುಕ್ಕಿಗೆ 10 × 10 ಮಿ.ಮೀ. ಚೌಕ ಬರೆಯಿರಿ. ಬಣ್ಣ ಬೇಡ, ಅಂಚುಗೆರೆಯೂ ಬೇಡ. ಅದರ ನಟ್ಟನಡುವೆ ಚುಕ್ಕಿ ಇಟ್ಟು ಎರಡನ್ನೂ ಕಂಟ್ರೋಲ್ ಜಿ ಒತ್ತಿ ಗುಂಪು ಮಾಡಿ. ಈಗ ಆ ಗುಂಪನ್ನು ಆರಿಸಿಕೊಂಡು 15 ಅಡ್ಡ, 15 ಕಂಬ ಕೊಡಿ. ಶಿಫ್ಟ್ ಪೂರ್ತಿ ಸೊನ್ನೆ. ಚುಕ್ಕಿಗಳು ಸರಿಯಾಗಿ 10 ಮಿ.ಮೀ.ಗೆ ಒಂದರಂತೆ ಬರುತ್ತವೆ. 15ರಿಂದ 1 ಬೇಕು ಅಂದರೆ ನಾಲ್ಕು ಮೂಲೆಯ ಚುಕ್ಕಿ ತೆಗೆಯಿರಿ, ನಡುವಿನ 113 ಉಳಿಯುತ್ತೆ.

ಸಂದು ಚುಕ್ಕಿಗೆ ಮನೆಯ ಎತ್ತರ ಬದಲಾಯಿಸಿ: 10 ಮಿ.ಮೀ. ಅಗಲ, 8.66 ಮಿ.ಮೀ. ಎತ್ತರ. ‘ಶಿಫ್ಟ್’ ಟ್ಯಾಬಿನಲ್ಲಿ ಶಿಫ್ಟ್ ಎಕ್ಸ್‌ನ ‘ಪರ್ ರೋ’ ಕಡೆ 50% ಕೊಡಿ. ಪ್ರತಿ ಸಾಲೂ ಅರ್ಧ ಮನೆ ಬಲಕ್ಕೆ ಸರಿಯುತ್ತಾ ಹೋಗಿ, ಒಟ್ಟು 225 ಚುಕ್ಕಿಯ ಓರೆ ಚೌಕ ಬರುತ್ತೆ. ಅದರ ಮೇಲಿನ ಎಡಮೂಲೆಯಲ್ಲಿ 28, ಕೆಳಗಿನ ಬಲಮೂಲೆಯಲ್ಲಿ 28 ತೆಗೆಯಿರಿ. ಮೇಲಿನ ಸಾಲಿನಲ್ಲಿ 7, ಮುಂದಿನದರಲ್ಲಿ 6, ಹೀಗೆ ಕಡಿಮೆ ಆಗುತ್ತಾ 1. ಉಳಿಯುವುದು ನಿಮ್ಮ 169, ನಡುವೆ 15, ತುದಿಯಲ್ಲಿ 8.

ಅಗಲ 150 ಮಿ.ಮೀ. ಒಳಗೆ, ಎತ್ತರ ಸುಮಾರು 123. ಎ4 ಹಾಳೆ 210 × 297 ಅಲ್ವಾ, ಒಂದು ಹಾಳೆಗೆ ಮೇಲೊಂದು ಕೆಳಗೊಂದು ಆರಾಮಾಗಿ ಕೂರುತ್ತೆ.

ಅಚ್ಚುಮನೆ ಬರೆದಿದ್ದಾರೆ:

ನಾನು ಗದಗದ ಕಡೆಯವನು, ಕೋರಲ್‌ಡ್ರಾ ಅನ್ನುವ ಇನ್ನೊಂದು ಚಿತ್ರ ತಂತ್ರಾಂಶದಲ್ಲೇ ಕೆಲಸ. ಅಕ್ಕಾರೆ, ಕೋರಲ್ ಇದ್ದವರಿಗೂ ಉಪಯೋಗ ಆಗಲಿ ಅಂತ ಬರೀತೀನಿ. ‘ಎಡಿಟ್’ ಒಳಗೆ ‘ಸ್ಟೆಪ್ ಅಂಡ್ ರಿಪೀಟ್’, ಕಂಟ್ರೋಲ್ ಶಿಫ್ಟ್ ಡಿ. ಅಡ್ಡಕ್ಕೆ 10 ಮಿ.ಮೀ. ಆಫ್‌ಸೆಟ್, 14 ಕಾಪಿ. ಇಲ್ಲಿ ಮೂಲ ಚುಕ್ಕಿ ಲೆಕ್ಕಕ್ಕೆ ಬರಲ್ಲ, ಅದಕ್ಕೇ 15 ಅಲ್ಲ 14. ಆ ಸಾಲನ್ನು ಗುಂಪು ಮಾಡಿ ಮತ್ತೆ ಸ್ಟೆಪ್ ಅಂಡ್ ರಿಪೀಟ್: ಅಡ್ಡಕ್ಕೆ 5, ಉದ್ದಕ್ಕೆ 8.66, 14 ಕಾಪಿ. ನೇರಗೆರೆ ಅಣ್ಣ ಹೇಳಿದ ಅದೇ ಓರೆ ಚೌಕ ಬಂತು.

ಆ ಪಟ್ಟಿಯಲ್ಲಿ ‘ಆಫ್‌ಸೆಟ್’ ಅಂತ ಒಂದಿದೆ, ‘ಸ್ಪೇಸಿಂಗ್ ಬಿಟ್ವೀನ್ ಆಬ್ಜೆಕ್ಟ್ಸ್’ ಅಂತ ಇನ್ನೊಂದಿದೆ. ಮೊದಲನೆಯದು ಒಂದರ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ. ಎರಡನೆಯದು ನಡುವೆ ಬಿಡುವ ಖಾಲಿ ಜಾಗ. ಚುಕ್ಕಿ ಹಾಳೆಗೆ ಮೊದಲನೆಯದೇ ಬೇಕು. ಚುಕ್ಕಿ ಸಣ್ಣದಾಗಲಿ ದೊಡ್ಡದಾಗಲಿ ಹೆಜ್ಜೆ ಬದಲಾಗಬಾರದು.

ಒಂದು ಸಂದೇಹ. 8.66 ಯಾಕೆ? ನೆಲದ ಮೇಲೆ ಯಾರೂ ಮಿಲಿಮೀಟರ್ ಹಿಡಿದು ಚುಕ್ಕಿ ಇಡಲ್ಲ. ಎರಡು ಚುಕ್ಕಿಯ ಸಂದಿಗೆ ಸರಿಯಾಗಿ ಇಟ್ಟರೆ ಸಾಕು. ಸಾಲಿಗೂ 10, ಚುಕ್ಕಿಗೂ 10 ಅಂದರೆ ನೆನಪಿಟ್ಟುಕೊಳ್ಳೋದೂ ಸುಲಭ ಅಲ್ವಾ?

ನೇರಗೆರೆ ಬರೆದಿದ್ದಾರೆ:

ಒಳ್ಳೆ ಪ್ರಶ್ನೆ ಅಣ್ಣಾ. ಈ ಅಳತೆಯ ಮೇಲೆ ನನಗೆ ತುಂಬಾ ಪ್ರೀತಿ, ಸ್ವಲ್ಪ ಉದ್ದ ಬರೀತೀನಿ.

ಸಂದು ಚುಕ್ಕಿಯಲ್ಲಿ ಒಂದು ಚುಕ್ಕಿಗೆ ಸುತ್ತ ಆರು ನೆಂಟರು. ಪಕ್ಕಕ್ಕೆ ಇಬ್ಬರು, ಮೇಲಿಬ್ಬರು, ಕೆಳಗಿಬ್ಬರು. ಆರೂ ಒಂದೇ ದೂರದಲ್ಲಿದ್ದರೆ ಮಾತ್ರ ಆರು ಎಸಳಿನ ಹೂವು ದುಂಡಗೆ ಬರುತ್ತೆ. ಪಕ್ಕದ ಚುಕ್ಕಿ 10 ಮಿ.ಮೀ. ದೂರ. ಮೇಲಿನ ಚುಕ್ಕಿ ಅಡ್ಡಕ್ಕೆ 5 ಸರಿದಿದೆ. ಅದೂ 10 ಮಿ.ಮೀ. ದೂರದಲ್ಲೇ ಇರಬೇಕು ಅಂದರೆ ಎತ್ತರ 8.66 ಆಗಲೇಬೇಕು. 5ರ ವರ್ಗ 25, 10ರ ವರ್ಗ 100, ಉಳಿದ 75ರ ವರ್ಗಮೂಲ ಅದು. ಸಾಲಿನ ಅಂತರವನ್ನೂ 10 ಮಾಡಿದರೆ ಮೇಲಿನ ಚುಕ್ಕಿ 11.18 ಮಿ.ಮೀ. ದೂರ ಹೋಗುತ್ತೆ. ಹೂವು ಉದ್ದಕ್ಕೆ ಎಳೆದ ಹಾಗೆ ಕಾಣುತ್ತೆ. ನೆಲದ ಮೇಲೆ ರೂಢಿಯಾದ ಕೈ ಇದನ್ನು ಅಳೆಯದೇ ಸರಿ ಮಾಡಿಕೊಳ್ಳುತ್ತೆ. ಅನುಭವ ಇರುವವರು ಇಟ್ಟ ಸಂದು ಚುಕ್ಕಿಯ ಫೋಟೋ ನೋಡಿ, ಸಾಲುಗಳು ಚುಕ್ಕಿಗಳಿಗಿಂತ ಒತ್ತಾಗಿಯೇ ಇರುತ್ತವೆ. ಕಂಪ್ಯೂಟರಿಗೆ ಆ ಕಣ್ಣಿಲ್ಲ, ನಾವೇ ಅಂಕಿ ಕೊಡಬೇಕು.

ಇನ್ನೂ ಮುಖ್ಯವಾದ ಕಾರಣ ಬೇರೆ ಇದೆ. ಅಕ್ಕ ಮುಂದೆ ಮಾದರಿ ರಂಗೋಲಿಯನ್ನೂ ಅದೇ ಕಡತದಲ್ಲಿ ಬರೆಯಬಹುದು. ಆಗ ಪೂರ್ತಿ ರಂಗೋಲಿ ಬರೆಯಬೇಕಾಗಿಲ್ಲ. ಆರರಲ್ಲಿ ಒಂದು ಪಾಲು ಬರೆದು 60 ಡಿಗ್ರಿ ತಿರುಗಿಸುತ್ತಾ ಆರು ಸಲ ಇಟ್ಟರೆ ಆಯಿತು. ಮನೆ 10 × 8.66 ಇದ್ದರೆ ತಿರುಗಿಸಿದ ಗೆರೆ ಚುಕ್ಕಿಗಳ ಮೇಲೆ ಸರಿಯಾಗಿ ಬಂದು ಕೂರುತ್ತೆ. ಮನೆ 10 × 10 ಇದ್ದರೆ ನಡುವಿನ ಚುಕ್ಕಿಯ ಪಕ್ಕದಲ್ಲೇ 1.34 ಮಿ.ಮೀ. ತಪ್ಪುತ್ತೆ, ಹೊರಗೆ ಹೋದಷ್ಟೂ ತಪ್ಪು ದೊಡ್ಡದಾಗುತ್ತಾ ಹೋಗುತ್ತೆ. ನೇರ ಚುಕ್ಕಿಯಲ್ಲಿ ತಿರುಗಿಸುವುದು 90 ಡಿಗ್ರಿ, ಅಲ್ಲಿ ಚೌಕದ ಮನೆಯೇ ಸರಿ. ಯಾವ ರಂಗೋಲಿ, ಎಷ್ಟು ಸಲ ತಿರುಗುತ್ತೆ ಅನ್ನೋದು ಮನೆಯ ಆಕಾರವನ್ನು ಹೇಳುತ್ತೆ.

ಅಚ್ಚುಮನೆ ಬರೆದಿದ್ದಾರೆ:

ಒಪ್ಪಿದೆ. ಈ 60 ಡಿಗ್ರಿ ಮಾತು ಕೇಳಿದ ಮೇಲೆ ಬೇರೆ ಅಂಕಿ ಹಾಕೋಕೆ ಮನಸ್ಸೇ ಬರಲ್ಲ.

ಹೊಸ್ತಿಲು ಬರೆದಿದ್ದಾರೆ:

ನೇರಗೆರೆ ಅವರೇ, ಹೇಳಿದ ಹಾಗೇ ಮಾಡಿದೆ, ಬಂತು! ಓರೆ ಚೌಕ ನೋಡಿ ಖುಷಿಯಾಯಿತು. ಈಗ ಎರಡು ಪ್ರಶ್ನೆ. ಚುಕ್ಕಿ ಕಪ್ಪಗಿದೆ, ತಿಳಿ ಬೂದು ಮಾಡಬೇಕು, ಮಕ್ಕಳ ಪೆನ್ಸಿಲ್ ಗೆರೆ ಎದ್ದು ಕಾಣಲಿ ಅಂತ. ಒಂದು ಚುಕ್ಕಿಯ ಮೇಲೆ ಕ್ಲಿಕ್ ಮಾಡಿ ಬಣ್ಣ ಕೊಟ್ಟರೆ ಬದಲಾಗುತ್ತಿಲ್ಲ. ಇನ್ನೊಂದು, ಮೂಲೆಯ ಚುಕ್ಕಿ ತೆಗೆದೆ, ಆದರೂ ಎಡಮೂಲೆಯಲ್ಲಿ ಒಂದು ಚುಕ್ಕಿ ಅಲ್ಲೇ ಕೂತಿದೆ. ಎಣಿಸಿದರೆ 170!

ನೇರಗೆರೆ ಬರೆದಿದ್ದಾರೆ:

ಎರಡಕ್ಕೂ ಉತ್ತರ ಆ 170ನೇ ಚುಕ್ಕಿಯೇ. ಅದು ನಿಮ್ಮ ಮೂಲ ಚುಕ್ಕಿ. ಇಂಕ್‌ಸ್ಕೇಪ್ 225 ಕ್ಲೋನ್ ಮಾಡುವಾಗ ಮೊದಲನೆಯದನ್ನು ಮೂಲದ ಮೇಲೆಯೇ ಇಡುತ್ತೆ. ಹಾಗಾಗಿ ಹಾಳೆಯಲ್ಲಿ 226 ಇರುತ್ತವೆ, ಕಣ್ಣಿಗೆ ಕಾಣುವುದು 225.

ಅದನ್ನು ಅಳಿಸಬೇಡಿ. ಉಳಿದ ಚುಕ್ಕಿಗಳೆಲ್ಲ ಅದನ್ನೇ ನೋಡಿಕೊಂಡು ಇರುತ್ತವೆ. ಆ ಗುಂಪಿನ ಒಳಗೆ ಹೋಗಲು ಡಬಲ್ ಕ್ಲಿಕ್ ಮಾಡಿ, ಚುಕ್ಕಿಗೆ ಬೂದು ಬಣ್ಣ ಕೊಡಿ. 169 ಚುಕ್ಕಿಯೂ ಆ ಕ್ಷಣಕ್ಕೆ ಬೂದಾಗುತ್ತವೆ. 2 ಮಿ.ಮೀ. ಜಾಸ್ತಿ ಅನಿಸಿದರೆ ಅಲ್ಲೇ 1.5 ಮಾಡಿ, ನಡುವೆಯೇ ಇಟ್ಟು. ಹೆಜ್ಜೆ ಅಲುಗಾಡಲ್ಲ. ಕಂಟ್ರೋಲ್ ಡಿ ಒತ್ತಿ ಮಾಡಿದ ನಕಲಿಗೂ ಕ್ಲೋನಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ನಕಲು ಹುಟ್ಟಿದ ಕೂಡಲೇ ಬೇರೆಯಾಗುತ್ತೆ, ಕ್ಲೋನ್ ಮೂಲದ ಜೊತೆಗೇ ಇರುತ್ತೆ. ಒಂದು ಚುಕ್ಕಿಯನ್ನು ಮಾತ್ರ ಬೇರೆ ಮಾಡಬೇಕು ಅಂದರೆ, ಉದಾಹರಣೆಗೆ ನಡುವಿನದನ್ನು ಕೆಂಪು ಮಾಡಬೇಕು ಅಂದರೆ, ಅದನ್ನು ಆರಿಸಿ ಶಿಫ್ಟ್ ಆಲ್ಟ್ ಡಿ ಒತ್ತಿ. ಅದರ ನಂಟು ಬಿಡುತ್ತೆ, ಆಮೇಲೆ ಬಣ್ಣ ಕೊಡಿ.

ಮೂಲ ಚುಕ್ಕಿಯನ್ನು ಹಾಳೆಯಿಂದ ಆಚೆ ಸರಿಸಬೇಕು. ಸುಮ್ನೆ ಎಳೆದರೆ ಕ್ಲೋನ್‌ಗಳೂ ಹಿಂದೆಯೇ ಬರುತ್ತವೆ. ಮೊದಲು ‘ಪ್ರಿಫರೆನ್ಸಸ್’ ತೆರೆದು ‘ಬಿಹೇವಿಯರ್’, ಅದರೊಳಗೆ ‘ಕ್ಲೋನ್ಸ್’ ಕಡೆ ‘ಸ್ಟೇ ಅನ್‌ಮೂವ್ಡ್’ ಆರಿಸಿ. ಆಮೇಲೆ ‘ಲೇಯರ್ಸ್ ಅಂಡ್ ಆಬ್ಜೆಕ್ಟ್ಸ್’ ಪಟ್ಟಿಯ ಕಟ್ಟಕಡೆಯಲ್ಲಿ ಇರುವುದೇ ಮೂಲ ಗುಂಪು, ಅದನ್ನು ಹಿಡಿದು ಹಾಳೆಯ ಹೊರಗೆ ಇಡಿ. ಪಿಡಿಎಫ್ ಮಾಡುವಾಗ ಹಾಳೆಯೊಳಗಿನದು ಮಾತ್ರ ಮುದ್ರಣ ಆಗುತ್ತೆ.

ಮರಗೆಲಸ ಬರೆದಿದ್ದಾರೆ:

ಈ ಮೊದಲ ಚುಕ್ಕಿಯ ವಿಷಯ ಬಂದಿದ್ದು ಒಳ್ಳೆಯದಾಯಿತು. ನಾನು ಲೇಸರ್ ಯಂತ್ರದಲ್ಲಿ ಎಂಡಿಎಫ್ ಹಲಗೆ ಕೊರೆದು ರಂಗೋಲಿ ಅಚ್ಚು ಮಾಡುತ್ತೇನೆ. ಕಾಗದಕ್ಕೆ ಒಂದರ ಮೇಲೊಂದು ಎರಡು ಚುಕ್ಕಿ ಇದ್ದರೂ ನಡೆಯುತ್ತೆ. ಲೇಸರಿಗೆ ನಡೆಯಲ್ಲ. ಅದೇ ರಂಧ್ರವನ್ನು ಎರಡು ಸಲ ಸುಡುತ್ತೆ, ಅಂಚು ಕಪ್ಪಾಗುತ್ತೆ, ತೂತು ದೊಡ್ಡದಾಗುತ್ತೆ. ಸ್ಟಿಕರ್ ಕತ್ತರಿಸುವ ಪ್ಲಾಟರಿಗೂ ಇದೇ ಮಾತು, ಬ್ಲೇಡು ಎರಡು ಸಲ ಓಡಿದರೆ ಹಿಂದಿನ ಕಾಗದವೂ ಸೀಳುತ್ತೆ.

ಕಾಣದ ಮನೆಗಳ ಬಗ್ಗೆಯೂ ಹೇಳಬೇಕು. ಬಣ್ಣ ಇಲ್ಲ, ಅಂಚುಗೆರೆ ಇಲ್ಲ ಅಂತ ನಮಗೆ ಗೊತ್ತು. ಆದರೆ ಕಡತವನ್ನು ಡಿಎಕ್ಸ್‌ಎಫ್ ಆಗಿ, ಅಂದರೆ ಕೊರೆಯುವ ಯಂತ್ರಕ್ಕೆ ಕೊಡುವ ಬಗೆಯಲ್ಲಿ, ಕಳಿಸಿದರೆ ಹೋಗುವುದು ಆಕಾರಗಳು ಮಾತ್ರ. ಕಾಣದ ಆಯತ ಅಲ್ಲಿ ಕಾಣುವ ಆಯತ ಆಗಿಬಿಡಬಹುದು, ಯಂತ್ರ ಅದನ್ನೂ ಕೊರೆಯುತ್ತೆ. ಹಾಗಾಗಿ ಕೊರೆಯಲು ಕಳಿಸುವ ಮುಂಚೆ ಕಡತದ ಇನ್ನೊಂದು ಪ್ರತಿ ಇಟ್ಟುಕೊಂಡು, ಅದರಲ್ಲಿ ಎಲ್ಲ ಕ್ಲೋನಿನ ನಂಟು ಬಿಡಿಸಿ, ಗುಂಪು ಬಿಚ್ಚಿ. ಒಂದು ಆಯತ ಆರಿಸಿ ‘ಎಡಿಟ್’ ಒಳಗಿನ ‘ಸೆಲೆಕ್ಟ್ ಸೇಮ್’, ‘ಆಬ್ಜೆಕ್ಟ್ ಟೈಪ್’ ಕೊಟ್ಟರೆ ಆಯತಗಳೆಲ್ಲ ಒಟ್ಟಿಗೆ ಸಿಗುತ್ತವೆ. ಡಿಲೀಟ್ ಒತ್ತಿ. ಚುಕ್ಕಿ ಮಾತ್ರ ಉಳಿಯುತ್ತೆ. ಮೂಲ ಕಡತ ಹಾಗೇ ಇರಲಿ, ಮುಂದಿನ ಸಲ ತಿದ್ದಲು ಅದೇ ಬೇಕು.

ಹೊಸ್ತಿಲು ಬರೆದಿದ್ದಾರೆ:

ಬಣ್ಣ ಒಮ್ಮೆಗೇ ಬದಲಾಗಿದ್ದು ನೋಡಿ ಪಕ್ಕದಲ್ಲಿದ್ದ ಮಕ್ಕಳು ಕುಣಿದುಬಿಟ್ಟರು. ಮರಗೆಲಸ ಅವರೇ, ಅಚ್ಚು ಮಾಡಿಸುವ ಯೋಚನೆ ಇಲ್ಲ, ಆದರೂ ಬರೆದಿಟ್ಟುಕೊಂಡೆ. ನೇರಗೆರೆ ಅವರೇ, ಆ ಆರರಲ್ಲಿ ಒಂದು ಪಾಲು ತಿರುಗಿಸುವುದನ್ನು ಬಿಡಿಸಿ ಹೇಳ್ತೀರಾ?

ನೇರಗೆರೆ ಬರೆದಿದ್ದಾರೆ:

ಅದೇ ಕಿಟಕಿ, ಬೇರೆ ಅಂಕಿಗಳು. ನಡುವಿನ ಚುಕ್ಕಿಯಿಂದ ಹೊರಕ್ಕೆ ಒಂದು ಎಸಳು ಬರೆಯಿರಿ. ಪೆನ್ ಟೂಲಿನಲ್ಲಿ, ಚುಕ್ಕಿಗಳಿಗೆ ಸ್ನ್ಯಾಪ್ ಆಗುವ, ಅಂದರೆ ಗೆರೆ ತಾನೇ ಹೋಗಿ ಚುಕ್ಕಿಗೆ ಅಂಟುವ ಹಾಗೆ ಇಟ್ಟುಕೊಂಡು. ಎಸಳನ್ನು ಒಮ್ಮೆ ಕ್ಲಿಕ್ ಮಾಡಿ, ಮತ್ತೊಮ್ಮೆ ಕ್ಲಿಕ್ ಮಾಡಿ. ಎರಡನೇ ಸಲ ತಿರುಗಿಸುವ ಬಾಣಗಳು ಬರುತ್ತವೆ, ನಡುವೆ ಸಣ್ಣ ಕೂಡಿಸುವ ಚಿಹ್ನೆ ಕಾಣುತ್ತೆ. ಅದು ತಿರುಗುವ ಕೇಂದ್ರ. ಅದನ್ನು ಎಳೆದು ಹದಿನೈದರ ಸಾಲಿನ ಎಂಟನೇ ಚುಕ್ಕಿಯ ನಡುವೆ ಕೂರಿಸಿ.

ಈಗ ‘ಟೈಲ್ಡ್ ಕ್ಲೋನ್ಸ್’ ತೆರೆದು ಮೊದಲು ‘ರೀಸೆಟ್’ ಒತ್ತಿ. ಈ ಕಿಟಕಿ ಹಿಂದಿನ ಅಂಕಿಗಳನ್ನು ಹಾಗೇ ಇಟ್ಟುಕೊಂಡಿರುತ್ತೆ, ಆ 50% ಅಲ್ಲೇ ಕೂತಿದ್ದರೆ ಲೆಕ್ಕ ಕೆಡುತ್ತೆ. ಅಡ್ಡಸಾಲು 1, ಕಂಬಸಾಲು 6. ಶಿಫ್ಟ್ ಎಕ್ಸ್‌ನ ‘ಪರ್ ಕಾಲಂ’ ಕಡೆ ಮೈನಸ್ 100%. ಇದು ಯಾಕೆ ಅಂದರೆ, ಪಕ್ಕಕ್ಕೆ ಒಂದು ಹೆಜ್ಜೆ ಇಡುವುದು ಅದರ ಸ್ವಭಾವ. ಆ ಹೆಜ್ಜೆಯನ್ನು ಅಷ್ಟೇ ಹಿಂದಕ್ಕೆ ಎಳೆದರೆ ಆರೂ ಒಂದೇ ಜಾಗದಲ್ಲಿ ನಿಲ್ಲುತ್ತವೆ. ‘ರೊಟೇಷನ್’ ಟ್ಯಾಬಿನಲ್ಲಿ ‘ಪರ್ ಕಾಲಂ’ 60. ಕ್ರಿಯೇಟ್.

ಆರು ಎಸಳೂ ಚುಕ್ಕಿಯಿಂದ ಚುಕ್ಕಿಗೆ ಬರುತ್ತವೆ. ಆಮೇಲೆ ಮೂಲ ಎಸಳಿನ ಬಳುಕು ತಿದ್ದಿ ನೋಡಿ, ಆರೂ ಒಟ್ಟಿಗೆ ಬಳುಕುತ್ತವೆ. ರಂಗೋಲಿ ಹೊಸದಾಗಿ ಕಟ್ಟುವವರಿಗೆ ಇದಕ್ಕಿಂತ ಒಳ್ಳೆ ಆಟದ ಬಯಲು ಇಲ್ಲ ಅಂತ ನನ್ನ ಅನಿಸಿಕೆ. ಕೈಯಲ್ಲಿ ಬರೆದು ಅಳಿಸುವಾಗ ಐದನೇ ಎಸಳಿಗೆ ಬರುವಷ್ಟರಲ್ಲಿ ಮನಸ್ಸು ದಣಿದಿರುತ್ತೆ. ಇಲ್ಲಿ ಒಂದು ಎಸಳಿನ ಮೇಲೆ ಪೂರ್ತಿ ಗಮನ ಇಡಬಹುದು.

ಎಳೆಯೆಣಿಕೆ ಬರೆದಿದ್ದಾರೆ:

ನಮಸ್ಕಾರ, ಧಾರವಾಡದಿಂದ. ನಾನು ಕಸೂತಿ ಹಾಕುತ್ತೇನೆ, ಹೊಸ ನಕ್ಷೆಗಳನ್ನು ಗ್ರಾಫ್ ಮೇಲೆ ಬರೆದಿಟ್ಟುಕೊಳ್ಳುತ್ತೇನೆ. ಈ ಮನೆ ಕಟ್ಟುವ ಮಾತು ನಮ್ಮ ಕೆಲಸಕ್ಕೂ ಹತ್ತಿರ, ಅದಕ್ಕೇ ಕೇಳುತ್ತಿದ್ದೇನೆ. ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ ಹೊಲಿಗೆ ಹಾಕುತ್ತೇವೆ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ, ನಾಲ್ಕು ಬಗೆಯ ಹೊಲಿಗೆಗೂ ಎಣಿಕೆಯೇ ಆಧಾರ. ಸೀರೆಯ ಒಡಲಿಗೆ ಸಣ್ಣ ಬುಟ್ಟಾ ಹರಡಬೇಕು. ಒಂದರ ಪಕ್ಕ ಒಂದು ನೇರವಾಗಿ ಇಟ್ಟರೆ ಪಟ್ಟೆಯ ಹಾಗೆ ಕಾಣುತ್ತೆ, ಹಾಗಾಗಿ ಒಂದು ಕಂಬಸಾಲು ಬಿಟ್ಟು ಇನ್ನೊಂದು ಅರ್ಧ ಕೆಳಗೆ ಇಳಿಯಬೇಕು. ಗ್ರಾಫಿನಲ್ಲಿ ಬುಟ್ಟಾ 11 × 11 ಚೌಕ ಇದೆ. ಸುತ್ತ ಜಾಗ ಬಿಟ್ಟು 21 × 21ರ ಮನೆ ಮಾಡಬೇಕು ಅಂತಿದ್ದೇನೆ. ಆಗ ಬುಟ್ಟಾ ನಟ್ಟನಡುವೆ ಕೂರುತ್ತೆ, ಸುತ್ತ ಐದೈದು ಚೌಕ.

ನೇರಗೆರೆ ಬರೆದಿದ್ದಾರೆ:

ಅಕ್ಕಾ, 21 ಬೇಡ, 20 ಅಥವಾ 22 ಮಾಡಿ. ಅರ್ಧ ಇಳಿಸುವುದು ಅಂದರೆ ಮನೆಯ ಎತ್ತರದ ಅರ್ಧ. 21ರ ಅರ್ಧ ಹತ್ತೂವರೆ. ಎರಡನೇ ಕಂಬದ ಬುಟ್ಟಾ ಗ್ರಾಫ್ ಗೆರೆಯ ಮೇಲೆ ಕೂರದೆ ಚೌಕದ ನಡುವೆ ಬೀಳುತ್ತೆ. ತೆರೆಯ ಮೇಲೆ ಚೆನ್ನಾಗೇ ಕಾಣುತ್ತೆ, ಬಟ್ಟೆಯ ಮೇಲೆ ಅದಕ್ಕೆ ಎಳೆ ಇರಲ್ಲ. ಎತ್ತರ ಸಮಸಂಖ್ಯೆ ಆಗಿದ್ದರೆ 10 ಚೌಕ ಇಳಿಯುತ್ತೆ, ಎಣಿಕೆ ಸರಿಹೋಗುತ್ತೆ. ಬುಟ್ಟಾ ಮನೆಯೊಳಗೆ ಮೇಲೆ ನಾಲ್ಕು ಕೆಳಗೆ ಐದು ಚೌಕ ಬಿಟ್ಟು ಕೂತರೂ ತೊಂದರೆ ಇಲ್ಲ. ಎಲ್ಲ ಬುಟ್ಟಾವೂ ಹಾಗೇ ಕೂರುವುದರಿಂದ ಕಣ್ಣಿಗೆ ಗೊತ್ತಾಗಲ್ಲ. ಅಗಲ 21 ಇದ್ದರೂ ನಡೆಯುತ್ತೆ, ಇಳಿಯುವುದು ಕೆಳಕ್ಕೆ ತಾನೇ.

ಕಿಟಕಿಯಲ್ಲಿ ಶಿಫ್ಟ್ ವೈನ ‘ಪರ್ ಕಾಲಂ’ 50%, ಕೆಳಗೆ ‘ಆಲ್ಟರ್ನೇಟ್’ ಸಾಲಿನಲ್ಲಿ ಕಾಲಂ ಕಡೆ ಟಿಕ್. ಟಿಕ್ ಇಲ್ಲದಿದ್ದರೆ ಪ್ರತಿ ಕಂಬವೂ ಇಳಿಯುತ್ತಾ ಮೆಟ್ಟಿಲು ಆಗುತ್ತೆ. ಟಿಕ್ ಇದ್ದರೆ ಒಂದು ಇಳಿದು ಮುಂದಿನದು ಏರುತ್ತೆ. ಸಂದು ಚುಕ್ಕಿಯಲ್ಲೂ ಆಲ್ಟರ್ನೇಟ್ ಹಾಕಿ ಮಾಡಬಹುದಿತ್ತು. ಅಲ್ಲಿ ಷಟ್ಕೋನ ಬೇಕಿತ್ತು, ಓರೆ ಚೌಕದಲ್ಲಿ ಎರಡೇ ಮೂಲೆ ತೆಗೆದರೆ ಸಾಕು ಅಂತ ಅದನ್ನು ಹೇಳಿದೆ.

ಇನ್ನೊಂದು. ಗ್ರಾಫಿನ ಚೌಕಗಳನ್ನೇ ಕ್ಲೋನ್ ಮಾಡಲು ಹೋಗಬೇಡಿ. 100 × 100 ಅಂದರೆ 10,000 ವಸ್ತು, ಹಳೆಯ ಲ್ಯಾಪ್‌ಟಾಪ್ ತೆವಳುತ್ತೆ. ‘ಎಕ್ಸ್‌ಟೆನ್ಷನ್ಸ್’ ಒಳಗೆ ‘ರೆಂಡರ್’, ‘ಗ್ರಿಡ್ಸ್’, ‘ಕಾರ್ಟೀಷಿಯನ್ ಗ್ರಿಡ್’ ಇದೆ, ಗೆರೆಗಳನ್ನು ಎಳೆದು ಕೊಡುತ್ತೆ. ಬುಟ್ಟಾ ಮಾತ್ರ ಕ್ಲೋನ್ ಆಗಲಿ.

ಎಳೆಯೆಣಿಕೆ ಬರೆದಿದ್ದಾರೆ:

ಎಳೆ ಇರಲ್ಲ ಅಂದಿರಲ್ಲ, ಸರಿಯಾದ ಮಾತು. 20ಕ್ಕೆ ಬದಲಾಯಿಸಿದೆ. ಎದುರುಬದುರು ಆನೆ ಬೇಕಾದಾಗ ಏನು ಮಾಡೋದು? ಒಂದು ಆನೆ ಬಲಕ್ಕೆ ನೋಡಿದರೆ ಮುಂದಿನದು ಎಡಕ್ಕೆ ನೋಡಬೇಕು. ತೇರು, ಗೋಪುರಕ್ಕೆ ಈ ತೊಂದರೆ ಇಲ್ಲ, ಅವು ಎರಡೂ ಕಡೆ ಒಂದೇ.

ನೇರಗೆರೆ ಬರೆದಿದ್ದಾರೆ:

ಸಿಮೆಟ್ರಿ ಟ್ಯಾಬಿನಲ್ಲಿ ಪಿ1 ಸೇರಿ ಒಟ್ಟು 17 ಬಗೆ ಇವೆ. ಸಮತಟ್ಟಾದ ಹಾಸಿನ ಮೇಲೆ ಒಂದು ಆಕಾರವನ್ನು ಎರಡು ದಿಕ್ಕಿಗೂ ಕೊನೆಯಿಲ್ಲದಂತೆ ಪುನರಾವರ್ತಿಸಲು ಇರುವ ಸಿಮೆಟ್ರಿ ಗುಂಪುಗಳೇ 17. ಗಣಿತದಲ್ಲಿ ಸಾಬೀತಾದ ಸಂಗತಿ ಅದು. ಕನ್ನಡಿ ಬಿಂಬದ ಬಗೆಗಳು ಅದರಲ್ಲೇ ಇವೆ. ಆದರೆ ಆನೆಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಎರಡು ಆನೆಯ ಒಂದು ಜೋಡಿ ಮಾಡಿ, ಒಂದನ್ನು ಎಚ್ ಒತ್ತಿ ಅಡ್ಡಕ್ಕೆ ತಿರುಗಿಸಿ. ಆ ಜೋಡಿಗೇ ಒಂದು ಮನೆ ಕಟ್ಟಿ ಪಿ1ರಲ್ಲೇ ಹರಡಿ. ಜೋಡಿಯ ನಡುವಿನ ಅಂತರ ನಿಮ್ಮ ಕೈಯಲ್ಲೇ ಇರುತ್ತೆ.

ಮೇಷ್ಟ್ರು ಬರೆದಿದ್ದಾರೆ:

ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಇಂಕ್‌ಸ್ಕೇಪ್ ಇಲ್ಲ, ಲಿಬ್ರೆಆಫೀಸ್ ಇದೆ. ಅದರ ಕ್ಯಾಲ್ಕ್‌ನಲ್ಲೂ, ಅಂದರೆ ಲೆಕ್ಕದ ಹಾಳೆಯಲ್ಲೂ, ಈ ಚುಕ್ಕಿ ಹಾಳೆ ಬರುತ್ತೆ. ಕಾಲಂಗಳ ಅಗಲ 5 ಮಿ.ಮೀ., ಸಾಲುಗಳ ಎತ್ತರ 8.66 ಮಿ.ಮೀ. ಮಾಡಿ. ನಡುವಿನ ಸಾಲಿನಲ್ಲಿ 1, 3, 5 ಹೀಗೆ 29ನೇ ಮನೆಯವರೆಗೆ ಒಂದು ಬಿಟ್ಟು ಒಂದು ದಪ್ಪ ಚುಕ್ಕಿ ಹಾಕಿ, ಅಲ್ಲಿಗೆ 15. ಮೇಲಿನ ಸಾಲಿನಲ್ಲಿ 2ರಿಂದ 28, ಅಲ್ಲಿಗೆ 14. ಎಲ್ಲವನ್ನೂ ಮನೆಯ ನಡುವೆ ಬರುವ ಹಾಗೆ ಜೋಡಿಸಿ. ಎಂಟು ಸಾಲು ಆದ ಮೇಲೆ, ಮೇಲಿನ ಏಳನ್ನು ಒಂದೊಂದಾಗಿ ಕಾಪಿ ಮಾಡಿ, 14ರದ್ದು ಮೊದಲು 8ರದ್ದು ಕೊನೆಗೆ ಬರುವ ಹಾಗೆ ಕೆಳಗೆ ಅಂಟಿಸಬಹುದು. ಮಕ್ಕಳಿಗೆ ಇದನ್ನೇ ಮಾಡಲು ಹೇಳಿದೆ. ಸಮ ಬೆಸ ಸಂಖ್ಯೆ ಪಾಠವೂ ಆಯಿತು.

ನೇರಗೆರೆ ಬರೆದಿದ್ದಾರೆ:

ಸರ್, ಇದು ಬಹಳ ಚೆನ್ನಾಗಿದೆ. ಅರ್ಧ ಹೆಜ್ಜೆಯನ್ನೇ ಒಂದು ಕಾಲಂ ಮಾಡಿದಿರಿ, ಸರಿಸುವ ಕೆಲಸವೇ ಉಳಿಯಲಿಲ್ಲ.

ಅಚ್ಚುಮನೆ ಬರೆದಿದ್ದಾರೆ:

ಅಕ್ಕಾರೆ, ಎಷ್ಟು ಪ್ರತಿ ಮಾಡಿಸುತ್ತೀರಿ? ಹತ್ತಿಪ್ಪತ್ತು ಆದರೆ ಮನೆಯ ಪ್ರಿಂಟರ್ ಅಥವಾ ಝೆರಾಕ್ಸ್ ಸಾಕು. ನೂರಾರು ಅಂತ ಪ್ರೆಸ್ಸಿಗೆ ಕೊಡುವುದಾದರೆ ಬಣ್ಣದ ಬಗ್ಗೆ ಎಚ್ಚರ. ಇಂಕ್‌ಸ್ಕೇಪಿನ ಬೂದು ಬಣ್ಣ ಆರ್‌ಜಿಬಿಯಲ್ಲಿ, ಅಂದರೆ ತೆರೆಯ ಕೆಂಪು ಹಸಿರು ನೀಲಿ ಲೆಕ್ಕದಲ್ಲಿ ಇರುತ್ತೆ. ಪ್ರೆಸ್ಸಿನ ಆಫ್‌ಸೆಟ್ ಮುದ್ರಣಕ್ಕೆ ಹೋಗುವಾಗ ಅದು ನಾಲ್ಕು ಬಣ್ಣಕ್ಕೆ ಒಡೆಯಬಹುದು. 2 ಮಿ.ಮೀ. ಚುಕ್ಕಿಗೆ ನಾಲ್ಕು ಪ್ಲೇಟ್ ಒಂದರ ಮೇಲೊಂದು ಕೂರಬೇಕು, ಕೂದಲೆಳೆ ಆಚೀಚೆ ಆದರೂ ಚುಕ್ಕಿಯ ಅಂಚಿನಲ್ಲಿ ಗುಲಾಬಿ ನೀಲಿ ಇಣುಕುತ್ತೆ. ‘ಬರೀ ಕಪ್ಪು, 40 ಪರ್ಸೆಂಟ್’ ಅಂತ ಪ್ರೆಸ್ಸಿನವರಿಗೆ ಹೇಳಿ, ಇಲ್ಲಾ ಪುಟ ಜೋಡಿಸುವ ತಂತ್ರಾಂಶ ಸ್ಕ್ರೈಬಸ್‌ಗೆ ತಂದು ನೀವೇ ಕಪ್ಪಿಗೆ ಬದಲಾಯಿಸಿ. ಒಂದೇ ಪ್ಲೇಟ್, ಖರ್ಚೂ ಕಡಿಮೆ. ಹಾಳೆಯ ಮೇಲೆ ಕನ್ನಡ ಬರಹ ಇದ್ದರೆ ಕಳಿಸುವ ಮುಂಚೆ ‘ಆಬ್ಜೆಕ್ಟ್ ಟು ಪಾತ್’ ಮಾಡಿಬಿಡಿ, ಒತ್ತಕ್ಷರ ಚೆಲ್ಲಾಪಿಲ್ಲಿ ಆಗಲ್ಲ.

ಇಷ್ಟು ಹೊತ್ತು ಓದಿದವರಲ್ಲಿ ವಿಸಿಟಿಂಗ್ ಕಾರ್ಡ್ ಮಾಡುವವರೂ ಇರಬಹುದು. ಅವರಿಗೂ ಮನೆಯ ಲೆಕ್ಕವೇ. ಕಾರ್ಡು 90 × 54 ಮಿ.ಮೀ., ಹಾಳೆ 12 × 18 ಇಂಚು, ಅಂದರೆ 304.8 × 457.2. ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿದಾಗ ಬಿಳಿ ಅಂಚು ಉಳಿಯದ ಹಾಗೆ ಹೊರಕ್ಕೆ ಚಾಚುವ ಬಣ್ಣ) ಬಿಟ್ಟರೆ ಮನೆ 96 × 60. ಅಡ್ಡಕ್ಕೆ 3, ಉದ್ದಕ್ಕೆ 7, ಒಟ್ಟು 21. ಹಿನ್ನೆಲೆ ಪೂರ್ತಿ ಒಂದೇ ಬಣ್ಣ ಇದ್ದರೆ ನಡುವೆ ಬ್ಲೀಡ್ ಬೇಕಾಗಿಲ್ಲ, ಕಾರ್ಡಿಗೆ ಕಾರ್ಡು ತಾಗಿಸಿ ಒಂದೇ ಕಟಿಂಗ್. ಮನೆ 90 × 54, ಅಡ್ಡಕ್ಕೆ 3, ಉದ್ದಕ್ಕೆ 8, ಒಟ್ಟು 24. ಹೊರ ಅಂಚಿಗೆ ಮಾತ್ರ ಬ್ಲೀಡ್. ಹಾಳೆಗೆ ಮೂರು ಕಾರ್ಡು ಜಾಸ್ತಿ. ಡಿಸೈನ್ ಶುರು ಮಾಡುವ ಮುಂಚೆಯೇ ಇದನ್ನು ತೀರ್ಮಾನ ಮಾಡಬೇಕು.

ಹೊಸ್ತಿಲು ಬರೆದಿದ್ದಾರೆ:

ಎಲ್ಲರಿಗೂ ಮನಸಾರೆ ಧನ್ಯವಾದ. ಎರಡೂ ಹಾಳೆ ಸಿದ್ಧವಾದವು. ಎಸಳು ತಿರುಗಿಸಿ ಮಾಡಿದ ಒಂದು ಮಾದರಿಯೂ ಬಂತು, ಚುಕ್ಕಿ ತಪ್ಪದೆ ಕೂತಿದೆ. ಈಗ ದೊಡ್ಡ ಹುಡುಗಿಯರು 21ರಿಂದ 11 ಸಂದು ಚುಕ್ಕಿ ಬೇಕು ಅಂತ ಹಠ ಹಿಡಿದಿದ್ದಾರೆ. 10 ಮಿ.ಮೀ. ಇಟ್ಟರೆ ಎ4ನ ಅಂಚಿಗೆ ಹೋಗಿಬಿಡುತ್ತೆ. ಪೂರ್ತಿ ಆರಿಸಿ ಸಣ್ಣದು ಮಾಡಬಹುದಾ?

ನೇರಗೆರೆ ಬರೆದಿದ್ದಾರೆ:

ಮಾಡಬಹುದು, ಆದರೆ ಚುಕ್ಕಿಯೂ ಸಣ್ಣದಾಗುತ್ತೆ. ಮನೆಯನ್ನೇ ಹೊಸದಾಗಿ ಕಟ್ಟಿ. 21 ಚುಕ್ಕಿಗೆ ನಡುವೆ 20 ಹೆಜ್ಜೆ. ಹೆಜ್ಜೆಗೆ 9 ಮಿ.ಮೀ. ಅಂದರೆ 180, ಚುಕ್ಕಿಯ ಅಗಲ ಸೇರಿ 182. ಎರಡೂ ಕಡೆ 14 ಮಿ.ಮೀ. ಅಂಚು ಉಳಿಯುತ್ತೆ, ಪ್ರಿಂಟರಿಗೆ ಧಾರಾಳ. ಎತ್ತರ 9ನ್ನು 0.866ರಿಂದ ಗುಣಿಸಿ, 7.79. ಹಾಗಾಗಿ ಮನೆ 9 × 7.79, ಸಾಲು 21, ಕಂಬ 21, ಶಿಫ್ಟ್ ಎಕ್ಸ್ ‘ಪರ್ ರೋ’ 50%. ಓರೆ ಚೌಕ ಹಾಳೆಯ ಹೊರಕ್ಕೆ ಚಾಚುತ್ತೆ, ಚಿಂತೆ ಬೇಡ, ಆ ಮೂಲೆಗಳು ಹೋಗುವಂಥವೇ. ಈ ಸಲ ಒಂದೊಂದು ಮೂಲೆಯಲ್ಲಿ 55 ತೆಗೆಯಬೇಕು, ಮೊದಲ ಸಾಲಿನಲ್ಲಿ 10ರಿಂದ ಶುರು. 441ರಲ್ಲಿ 110 ಹೋದರೆ 331. ಎಣಿಸಿದಾಗ 332 ಬಂದರೆ ಮೂಲ ಚುಕ್ಕಿ ಇನ್ನೂ ಹಾಳೆಯೊಳಗೇ ಇದೆ ಅಂತ.